ಅತ್ತೆಯ ಕಂಪ್ಯೂಟರಿಗೆ ಅಜ್ಜಿ ಇಟ್ಟ ಕುಂಕುಮ

ಬಿಸಿಯಾದ ಧೂಳಿನ ವಾಸನೆ ಗೊತ್ತಲ್ಲ ನಿಮಗೆ, ಹಳೆಯ ಕಂಪ್ಯೂಟರಿನ ಫ್ಯಾನು ಉಗುಳುತ್ತದಲ್ಲ, ಅದು? ಮೊನ್ನೆ ಆಫೀಸಿನಲ್ಲಿ ಯಾರೋ ಒಂದರ ಡಬ್ಬ ಬಿಚ್ಚಿದರು, ಅಷ್ಟೇ. ದೇವನಹಳ್ಳಿ ಕೋಟೆಯೊಳಗಿನ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಟ್ಟೆ. ತಣ್ಣನೆಯ ಕೆಂಪು ಗಾರೆ ನೆಲ, ಒಳಗೆ ಬೇಯುತ್ತಿದ್ದ ಹುರುಳಿಕಾಳಿನ ಘಮ, ಕಿಟಕಿ ಪಕ್ಕ ಧೂಳು ಕೂರದಂತೆ ಬೆಡ್‌ಶೀಟು ಹೊದಿಸಿಟ್ಟ ನಾಗರತ್ನತ್ತೆಯ ಕಂಪ್ಯೂಟರು. ಈಗ ಅಜ್ಜಿಯೂ ಇಲ್ಲ, ಅತ್ತೆಯೂ ಇಲ್ಲ. ಮನೆಯಿದ್ದ ಜಾಗದಲ್ಲಿ ವಿಮಾನ ಹಿಡಿಯುವವರು ತಂಗುವ ಲಾಡ್ಜು ಎದ್ದಿದೆ.

ಅತ್ತೆ ಅಪ್ಪನ ತಂಗಿ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳು ಟೈಪಿಂಗ್ ಕಲಿತು, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದು, ಲಗ್ನಪತ್ರಿಕೆ ಮಾಡಿಕೊಡಲು ಶುರು ಮಾಡಿದ್ದಳು. ಅಪ್ಪನಿಗೆ ಊರವರ ಬಾಯಿಯ ಭಯ. "ದಸರಾ ತನಕ ನೋಡೋಣ. ಕೆಲಸ ಕೈ ಹಿಡಿದ್ರೆ ಸರಿ, ಇಲ್ದಿದ್ರೆ ಗಂಡನ ಮನೆಗೆ ಬಿಟ್ಟು ಬರ್ತೀನಿ" ಅಂದಿದ್ದ. ಅಜ್ಜಿ ಆಗ ಏನೂ ಅನ್ನಲಿಲ್ಲ. ಹೆಣ್ಣುಮಗಳು ಗಂಡನ ಜೊತೆಗಿರಬೇಕು ಅಂತ ಅವಳಿಗೂ ಇತ್ತು. ಕೊನೆಗೆ ಪಕ್ಕದೂರು ಕುಂದಾಣದವರು ಒಂದು ಲಗ್ನಪತ್ರಿಕೆಯ ಕೆಲಸ ಒಪ್ಪಿಸಿದರು. ಆಯುಧಪೂಜೆಯ ಸಂಜೆಗೇ ಬೇಕಂತೆ.

ಆಯುಧಪೂಜೆಯ ಬೆಳಿಗ್ಗೆ ಅತ್ತೆ ಧೂಳು ಒರೆಸಲೆಂದು ಡಬ್ಬ ಬಿಚ್ಚಿ, ಒಳಗಿನದನ್ನೆಲ್ಲ ಹಳೇ ಪಂಚೆಯ ಮೇಲೆ ಹರಡಿಟ್ಟು ಸ್ನಾನಕ್ಕೆ ಹೋದಳು. ಬಂದು ನೋಡುತ್ತಾಳೆ, ಕುಡುಗೋಲು, ಈಳಿಗೆಮಣೆ, ಅಪ್ಪನ ಸ್ಕೂಟರ್ ಪೂಜೆ ಮುಗಿಸಿದ ಅಜ್ಜಿ ಇವಕ್ಕೂ ಒಂದೊಂದಾಗಿ ಕುಂಕುಮ ಕಲಸಿ ಬೊಟ್ಟಿಟ್ಟು, ಸೇವಂತಿಗೆ ಏರಿಸಿ, ಕೈಮುಗಿದು ಕೂತಿದ್ದಾಳೆ! ಒರೆಸಿ ಜೋಡಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪಗೇ ಇತ್ತು. ಒಳಗಿಂದ ಬರೀ ಬೀಪ್ ಬೀಪ್.

"ಅಯ್ಯೋ ಶಿವನೇ, ನನ್ ಮಗಳ ಹೊಟ್ಟೆ ಮೇಲೆ ನಾನೇ ಹೊಡೆದ್ಬಿಟ್ನಲ್ಲಪ್ಪಾ" ಅಂತ ಅಜ್ಜಿ ತಲೆ ಚಚ್ಚಿಕೊಂಡಳು.

ಸಂಜೆಗೆ ಪತ್ರಿಕೆ ಕೊಡಬೇಕಿತ್ತು. ಆದರೂ ಅತ್ತೆ ಗದರಲಿಲ್ಲ, ಮಹಾತಾಯಿ. "ಸುಮ್ನಿರಮ್ಮ, ಬಾ ಇಲ್ಲಿ. ಪುಟ್ಟಿ, ನೀನೂ ಬಾರೇ" ಅಂತ ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಮತ್ತೆ ಬಿಚ್ಚಿದಳು. ಅಗಲದ ಹಸಿರು ಹಲಗೆ ಮದರ್‌ಬೋರ್ಡಂತೆ, ಎಲ್ಲರನ್ನೂ ಹೊತ್ತುಕೊಂಡಿರುವುದು ಅದೇ. ವೈರುಗಳ ಗಂಟಿದ್ದ ಪೆಟ್ಟಿಗೆ ಯಾರಿಗೆಷ್ಟು ಕರೆಂಟ್ ಬೇಕೋ ಅಷ್ಟೇ ಬಡಿಸುತ್ತದಂತೆ. ಲೆಕ್ಕ ಮಾಡಿ ಮಾಡಿ ಬಿಸಿಯೇರುವ ಪ್ರೊಸೆಸರಿನ ತಲೆಗೆ ಫ್ಯಾನು. "ಮಾಡಿದ್ ಕೆಲಸ ಎಲ್ಲ ಈ ಹಾರ್ಡ್‌ಡಿಸ್ಕಲ್ಲಿ ಇರುತ್ತೆ, ಕರೆಂಟ್ ಹೋದ್ರೂ ಎಲ್ಲೂ ಹೋಗಲ್ಲ. ಈ ರ್ಯಾಮು ಹಂಗಲ್ಲ, ಕೆಲಸ ಮಾಡೋವಾಗ ಹರಡ್ಕೊಳ್ಳೋ ಜಾಗ. ಆರಿಸಿದ್ರೆ ಖಾಲಿ."

ಅಜ್ಜಿ ಮೂಗು ಒರೆಸಿಕೊಂಡಳು. "ಅದು ಅಟ್ಟ, ಇದು ಒಲೆ ಪಕ್ಕದ ಕಟ್ಟೆ ಅನ್ನು."

"ಹೂಂ ಕಣಮ್ಮ! ಆ ಕಟ್ಟೆಗೇ ಬಳಿದಿದ್ದೀಯ ನೋಡು."

ರ್ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಸಂದಿಯಲ್ಲಿ ಕುಂಕುಮ ಒಣಗಿ ಕೂತಿತ್ತು. "ಹೊಳೀತಿತ್ತಲ್ಲ, ಅದಕ್ಕೇ ಅಲ್ಲಿಗಿಟ್ಟೆ" ಅಂದಳು ಅಜ್ಜಿ. ಅತ್ತೆ ನನ್ನ ಸ್ಕೂಲಿನ ರಬ್ಬರ್ ಇಸಿದುಕೊಂಡು ಮೆಲ್ಲಗೆ ಉಜ್ಜಿದಳು, ಊದಿದಳು, ಟಕ್ಕೆನ್ನುವ ತನಕ ಅದರ ಜಾಗಕ್ಕೆ ಒತ್ತಿದಳು. ಸ್ವಿಚ್ ಹಾಕಿದರೆ ಒಂದೇ ಬೀಪ್. ಪರದೆ ಬೆಳಗಿತು. ಕುಂದಾಣದವರ ಪತ್ರಿಕೆ ಇದ್ದ ಹಾಗೇ ಇತ್ತು.

ಸಂಜೆ ಅವರು ಬಂದು, ಮೆಚ್ಚಿಕೊಂಡು ತೆಗೆದುಕೊಂಡು ಹೋದರು. ಅಪ್ಪ ಮಾತ್ರ ಗೋಡೆಗೊರಗಿ, "ಒಂದ್ ಪತ್ರಿಕೇಲಿ ಜೀವನ ಆಗುತ್ತಾ? ನಾಳಿದ್ದು ಹೊರಡು ರತ್ನ" ಅಂದ. ಅತ್ತೆ ಕಂಪ್ಯೂಟರಿಗೆ ಬೆಡ್‌ಶೀಟು ಹೊದಿಸತೊಡಗಿದಳು.

ಅಜ್ಜಿ ಎದ್ದು ನಿಂತಳು. "ಅವಳೆಲ್ಲೂ ಹೋಗಲ್ಲ ಕಣೋ. ಇಷ್ಟೆಲ್ಲ ಬಿಚ್ಚಿ ಮತ್ತೆ ಜೋಡಿಸೋ ಮಗಳನ್ನ ಆ ಕುಡುಕನ ಕೈಗೆ ಕೊಡಕ್ಕೆ ನಂಗೇನ್ ತಲೆ ಕೆಟ್ಟಿದ್ಯಾ?"

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಅಮ್ಮ ಫ್ಯಾಕ್ಟರಿಗೆ ಹೋದಾಗೆಲ್ಲ ನನ್ನ ಜಡೆ ಹೆಣೆದವಳು, ಜ್ವರ ಬಂದಾಗ ಹಣೆ ಮುಟ್ಟಿ ಕೂತವಳು, ಎಸೆಸೆಲ್ಸಿ ಪರೀಕ್ಷೆಗೆ ಕೈಹಿಡಿದು ಕರೆದುಕೊಂಡು ಹೋದವಳು ಅತ್ತೆಯೇ. ಯಾರಿಗೆ ಮೊದಲು ಕೈಮುಗಿಯಲಿ ಹೇಳಿ, ಜೋಡಿಸಿದವಳಿಗೋ, ಅಪ್ಪನ ಮಾತಿಗೆ ಅಡ್ಡ ನಿಂತವಳಿಗೋ? ಅಜ್ಜಿ ಅವತ್ತು ಬಾಯಿ ತೆರೆದಳು, ನನಗೆ ಅತ್ತೆ ದಕ್ಕಿದಳು.