ಹೊರಬಾಗಿಲಿನ ಪಾಸ್‌ವರ್ಡ್

ನನಗೆ ಆಗ ಇಪ್ಪತ್ತೈದು. ನಮ್ಮ ವಯನಾಡು ಜಿಲ್ಲೆಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ಕಚೇರಿಗಳನ್ನೆಲ್ಲ ಒಂದೊಂದಾಗಿ ನೆಟ್‌ವರ್ಕಿಗೆ ಸೇರಿಸುತ್ತಿದ್ದ ದಿನಗಳು ಅವು. ನಾನು ರೌಟರು, ಸ್ವಿಚ್ಚು ಕೂಡಿಸುವ ಗುತ್ತಿಗೆ ಕೆಲಸಗಾರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಯಂತ್ರದ ಜೊತೆ ಇಂಗ್ಲಿಷ್. ಮೂರರಲ್ಲೂ ನಾನು ಸಿಡುಕನೇ.

ಸಿಡುಕು ಪಾಸ್‌ವರ್ಡಿನ ವಿಷಯಕ್ಕೆ. ಹೋದ ಕಡೆಯೆಲ್ಲ ಜನ ಅದನ್ನು ಚೀಟಿಯಲ್ಲಿ ಬರೆದು ರೌಟರಿನ ನೆತ್ತಿಗೇ ಅಂಟಿಸಿಡುತ್ತಿದ್ದರು. ಬೀಗ ಹಾಕಿ ಕೀಲಿಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ! ಕರ್ನಾಟಕ ಗಡಿಯ ಬಾವಲಿ ಊರಿನಲ್ಲಿ, ಚೆಕ್‌ಪೋಸ್ಟಿನಿಂದ ಕೂಗಳತೆಯಲ್ಲಿದ್ದ ಒಂದು ಸಣ್ಣ ಸರ್ಕಾರಿ ಕಚೇರಿಗೆ ಹೋದಾಗ ನನ್ನದೇ ಕಾನೂನು ಮಾಡಿದೆ. ರೌಟರಿನ ಒಳಹೋಗಲು ಲೈನುಗಳಿರುತ್ತವೆ: ದೂರದಿಂದ ಬರುವವರಿಗೆ ಕೆಲವು, ಪಕ್ಕದಲ್ಲೇ ಕೂತು ಕೇಬಲ್ ಚುಚ್ಚುವವರಿಗೆ ಕನ್ಸೋಲ್ ಅನ್ನುವ ಒಂದು. ದೂರದವನ್ನು ಮುಚ್ಚಿಯೇಬಿಟ್ಟೆ. ಕನ್ಸೋಲಿಗೆ ಎರಡು ಬಾಗಿಲು ಇಟ್ಟೆ. ಒಳಬಾಗಿಲಿನ ಪಾಸ್‌ವರ್ಡ್ ನನಗೆ ಮಾತ್ರ ಗೊತ್ತು. ಹೊರಬಾಗಿಲಿನದು ಅಲ್ಲಿನ ಗುಮಾಸ್ತೆ ಅಕ್ಕನಿಗೆ ಮಾತ್ರ. ಪಾಸ್‌ವರ್ಡ್ ಮರೆತವರು ಮುರಿದು ನುಗ್ಗುವ ದಾರಿಯೊಂದಿರುತ್ತದಲ್ಲ, ಅದನ್ನೂ ಕಟ್ಟಿದೆ. ಮುರಿದರೆ ಸೆಟ್ಟಿಂಗುಗಳೆಲ್ಲ ಅಳಿಸಿಹೋಗುತ್ತವೆ, ಮತ್ತೆ ಕೂಡಿಸಲು ಒಂದಿಡೀ ದಿನ ಬೇಕು.

"ಬರೀಬಾರದು, ಯಾರಿಗೂ ಹೇಳಬಾರದು, ನನಗೂ. ಸಾಯೋ ತನಕ ಮರೆಯದಂಥದ್ದು ಹಾಕಿ ಅಕ್ಕಾ," ಎಂದು ಗೋಡೆಯ ಕಡೆ ತಿರುಗಿ ನಿಂತೆ. ಅಕ್ಕ ನಗುತ್ತಾ ಟೈಪ್ ಮಾಡಿದರು. "ಇದನ್ನ ಬಾಯಿಬಿಟ್ಟು ಹೇಳು ಅಂದ್ರೂ ನಂಗೆ ಹೇಳಕ್ಕಾಗಲ್ಲ ಬಿಡು ತಮ್ಮಾ," ಎಂದರು. ಭಲೇ ಅಂದುಕೊಂಡೆ.

ಅದಾಗಿ ಕೆಲವು ತಿಂಗಳಿಗೆ, ಮಳೆಗಾಲದಲ್ಲಿ, ಜಿಲ್ಲಾ ಕೇಂದ್ರ ಕಲ್ಪೆಟ್ಟದ ದೊಡ್ಡ ಕಚೇರಿಗೆ ಹೊಸ ರೌಟರ್ ಬಂತು. ಮಧ್ಯಾಹ್ನ ಎರಡಕ್ಕೆ ಹಳೆಯದನ್ನು ತೆಗೆಯುತ್ತಾರೆ, ಅಷ್ಟರೊಳಗೆ ಬಾವಲಿಯ ರೌಟರಿನ ಸೆಟ್ಟಿಂಗಿನಲ್ಲಿ ಎರಡು ಸಾಲು ಬದಲಾಯಿಸಬೇಕು, ಇಲ್ಲದಿದ್ದರೆ ಬಾವಲಿಗೆ ನೆಟ್‌ವರ್ಕ್ ಇಲ್ಲ. ಹತ್ತು ನಿಮಿಷದ ಕೆಲಸ ಎಂದು ಜಂಬದಿಂದ ಒಂದೂವರೆಗೆ ಹೋದೆ. ಅಕ್ಕನ ಕುರ್ಚಿ ಖಾಲಿ! ಗಂಡನಿಗೆ ಬೆಳಗಿನ ಜಾವ ಹೊಟ್ಟೆನೋವು ಎದ್ದು, ಮಾನಂದವಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಎರಡು ಗಂಟೆಗೆ ನೆಟ್‌ವರ್ಕ್ ಲೈನು ಸತ್ತಿತು.

ಆಮೇಲೆಯೇ ನಾನು ಬೆಂಚಿನ ಮೇಲಿದ್ದ ಹುಡುಗಿಯನ್ನು ಸರಿಯಾಗಿ ನೋಡಿದ್ದು. ಕಾಡಂಚಿನ ಆದಿವಾಸಿ ಹಾಡಿಯವಳು, ಅವರಲ್ಲಿ ಹನ್ನೆರಡನೇ ಕ್ಲಾಸು ಪಾಸಾದ ಮೊದಲನೆಯವಳು. ನರ್ಸಿಂಗ್ ಸೀಟಿನ ಅರ್ಜಿಗೆ ಅಂದೇ ಕೊನೆ, ಐದು ಗಂಟೆಯೊಳಗೆ. ಅದೂ ಆ ಕಚೇರಿಯ ಕಂಪ್ಯೂಟರಿನಿಂದಲೇ ಹೋಗಬೇಕು, ಬೇರೆಡೆಯದನ್ನು ತೆಗೆದುಕೊಳ್ಳುತ್ತಿರಲಿಲ್ಲ.

"ಸಾರೇ, ಆಯ್ತದಾ?"

"ಆಗುತ್ತೆ, ಸುಮ್ಮನೆ ಕೂತ್ಕೋ," ಎಂದು ರೇಗಿದೆ. ಆಗುವ ಯಾವ ಲಕ್ಷಣವೂ ಇರಲಿಲ್ಲ.

ಮೂರೂವರೆಗೆ ಅಕ್ಕನೇ ಕಚೇರಿಗೆ ಫೋನ್ ಮಾಡಿದರು, ಆಸ್ಪತ್ರೆಯ ಕಾಯಿನ್ ಬೂತಿನಿಂದ. ಗಂಡನನ್ನು ಆಪರೇಶನ್ನಿಗೆ ಒಳಗೆ ಕರೆದೊಯ್ದಿದ್ದಾರೆ, ನಾಳೆಯೂ ರಜೆ ಬೇಕು ಎಂದರು. ನಾನು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ, ಇವತ್ತಿಗೂ ನಾಚಿಕೆಯಾಗುತ್ತದೆ. "ಅಕ್ಕಾ, ಪಾಸ್‌ವರ್ಡ್ ಹೇಳಿ," ಅಂದೆ.

ಅಕ್ಕ ದನಿ ತಗ್ಗಿಸಿದರು. "ಅದು ಇವರ ಹೆಸ್ರು ತಮ್ಮಾ. ಮನೇಲಿ ಕರೆಯೋದು. ನನ್ ಬಾಯಲ್ಲಿ ಬರಲ್ಲ. ಇವತ್ತಂತೂ ಬರಲೇಬಾರದು."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಆಯುಸ್ಸು ಕಮ್ಮಿ ಅಂತ. ನನ್ನ ಅಮ್ಮನೂ ಹೇಳಿದವಳಲ್ಲ. ಗೊತ್ತಿದ್ದೂ ಕಿರುಚಿದೆ: "ಒಂದೊಂದೇ ಅಕ್ಷರ ಹೇಳಿ!"

"ಬಿಡಿಸಿ ಹೇಳಿದ್ರೂ ಹೆಸ್ರು ಹೆಸ್ರೇ ಅಲ್ವಾ? ಅತ್ತೆ ಹತ್ರ ಕೇಳು. ಆಪರೇಶನ್ ಅಂತ ಮಾತ್ರ ಹೇಳ್ಬೇಡ, ನಿನ್ ದಮ್ಮಯ್ಯ..." ಕಾಯಿನ್ ಮುಗಿದು ಫೋನ್ ಕಟ್ಟಾಯಿತು. ನರ್ಸಿಗೆ ಬರೆದುಕೊಟ್ಟು ಓದಿಸಿ ಎನ್ನಬಹುದಿತ್ತು ಎಂದು ಆಮೇಲೆ ಹೊಳೆಯಿತು.

ಗದ್ದೆಯ ಬದುವಿನ ಮೇಲೆ ಜಾರುತ್ತಾ ಓಡಿದೆ. ಮನೆ ದೂರವಿತ್ತು, ಮುಟ್ಟುವಾಗ ನಾಲ್ಕು ದಾಟಿತ್ತು. ಅಕ್ಕನ ಅತ್ತೆ ಜಗಲಿಯಲ್ಲಿ ಕೂತು ಕೆಸುವಿನ ದಂಟು ಹೆಚ್ಚುತ್ತಿದ್ದರು. "ಇಬ್ರೂ ಮಾನಂದವಾಡಿಗೆ ಸಾಮಾನು ತರಕ್ಕೆ ಹೋಗವ್ರೆ," ಎಂದರು, ನಾನು ಕೇಳುವ ಮೊದಲೇ.

"ಅಜ್ಜೀ, ಒಂದು ಕಾಗದಕ್ಕೆ ನಿಮ್ಮ ಮಗನ ಹೆಸರು ಬೇಕಿತ್ತು. ಚಿಕ್ಕಂದಿನಲ್ಲಿ ಮನೇಲಿ ಕರೀತಿದ್ದ ಹೆಸರು."

ಅಜ್ಜಿಯ ಕತ್ತಿ ನಿಂತಿತು. "ಯಾವ ಕಾಗ್ದಕ್ಕೆ ಮುದ್ದಿನ ಹೆಸ್ರು ಕೇಳ್ತಾರೆ ಮೋನೇ? ನನ್ ಮಗ ಎಲ್ಲವ್ನೆ? ಏನಾಗದೆ ಅವ್ನಿಗೆ?"

ನಿಜ ಹೇಳಿಬಿಟ್ಟೆ, ಆಪರೇಶನ್ನೂ, ಬೆಂಚಿನ ಮೇಲಿನ ಹುಡುಗಿಯೂ, ಎಲ್ಲವೂ. ಅಜ್ಜಿ ಎದ್ದು ಅಂಗಳಕ್ಕಿಳಿದರು. ನನಗೆ ಹೇಳಲಿಲ್ಲ, ರಸ್ತೆಯ ಕಡೆ ಮುಖಮಾಡಿ, ಸಂಜೆ ಆಟಕ್ಕೆ ಹೋದ ಮಗುವನ್ನು ಕರೆಯುವ ಹಾಗೆ, ಆ ಹೆಸರು ಹಿಡಿದು ಕೂಗಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನಡಿ, ಫೋನ್ ಇರೋ ಕಡೆ," ಎಂದು ನನಗಿಂತ ಮುಂದೆ ನಡೆದರು.

ನಾನು ಬದುವಿನ ಪಕ್ಕಕ್ಕೆ ಇಳಿದು ಅವರನ್ನು ದಾಟಿ ಓಡಿದೆ. ಕಚೇರಿ ಸೇರಿದಾಗ ಐದಕ್ಕೆ ಇಪ್ಪತ್ತು ನಿಮಿಷ. ಪಾಸ್‌ವರ್ಡ್ ಹೊಡೆಯುವಾಗ ತೆರೆಯ ಮೇಲೆ ಏನೂ ಕಾಣುವುದಿಲ್ಲ, ಒಂದು ಚುಕ್ಕಿಯೂ ಬರುವುದಿಲ್ಲ. ಮೊದಲ ಸಲ ಇಂಗ್ಲಿಷ್ ಸ್ಪೆಲ್ಲಿಂಗು ತಪ್ಪಿತು. ಎರಡನೇ ಸಲ ಹೊರಬಾಗಿಲು ತೆರೆಯಿತು, ಒಳಬಾಗಿಲು ನನ್ನದು, ಎರಡು ಸಾಲು ಬದಲಾಯಿಸಿದೆ. ಲೈನು ಬಂತು. ಹುಡುಗಿಯ ಅರ್ಜಿ ಹೋಗಿ ರಸೀದಿ ಪ್ರಿಂಟಾಗುವಾಗ ಐದಕ್ಕೆ ನಾಲ್ಕು ನಿಮಿಷ ಉಳಿದಿತ್ತು. ಅವಳು ರಸೀದಿಯನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟರಲ್ಲಿ ಅಜ್ಜಿಯೂ ಬಂದು ಬಾಗಿಲಲ್ಲಿ ನಿಂತು ಫೋನನ್ನೇ ನೋಡುತ್ತಿದ್ದರು.

ಅದು ಹೊಡೆದುಕೊಂಡಿತು. ಈ ಸಲ ವಾರ್ಡಿನ ಫೋನಿನಿಂದ ಅಕ್ಕ. "ಆಪರೇಶನ್ ಆಯ್ತು ತಮ್ಮಾ. ಇವರು ಕಣ್ಣೇ ಬಿಡ್ತಿಲ್ಲ. ಆಸ್ಪತ್ರೆ ಚೀಟಿಲಿರೋ ಹೆಸರಿಗೆ ಓಗೊಡ್ತಿಲ್ಲ, ಮನೇಲಿ ಕರೆಯೋ ಹೆಸರಲ್ಲಿ ಜೋರಾಗಿ ಕರೀರಿ ಅಂತಾವ್ರೆ ನರ್ಸು. ನಾನು ಏನೂಂದ್ರೆ, ಏನೂಂದ್ರೆ ಅಂತಾನೇ ಇವ್ನಿ..." ಅಳು ಒತ್ತರಿಸಿ ಬಂದು ಮಾತು ನಿಂತಿತು.

ಅಜ್ಜಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಕರಿ ಮಗಳೇ. ಹೆಸ್ರು ಹಿಡ್ದು ಕರಿ. ಹೆತ್ತೋಳು ಹೇಳ್ತಾ ಇವ್ನಿ, ಏನೂ ಆಗಲ್ಲ, ಕರಿ."

ಅಕ್ಕ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಇತ್ತ ಅಜ್ಜಿ, ಹುಡುಗಿ, ನಾನು ಮೂವರೂ ತಲೆ ಸೇರಿಸಿ ಫೋನಿಗೆ ಕಿವಿಗೊಟ್ಟೆವು. ದೂರದಲ್ಲಿ ಒಂದು ಸಲ, ಪಿಸುಮಾತಿನ ಹಾಗೆ, ಆ ಹೆಸರು. ಏನೂ ಇಲ್ಲ. ಇನ್ನೊಂದು ಸಲ. ಮೂರನೆಯದು ಎಂಥ ಕೂಗು ಅಂದರೆ ಹುಡುಗಿ ಬೆಚ್ಚಿ ನನ್ನ ತೋಳು ಹಿಡಿದಳು. ಆಮೇಲೆ ಒಬ್ಬ ಗಂಡಸು ನಿದ್ದೆಗಣ್ಣಲ್ಲಿ, ಬೇಸರದಿಂದ, "ಹ್ಞೂಂ" ಅಂದ. ಅಜ್ಜಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

ಒಬ್ಬರ ಕಿವಿಗೆ ಬಿದ್ದ ಪಾಸ್‌ವರ್ಡನ್ನು ಆ ಗಳಿಗೆಯೇ ಬದಲಾಯಿಸಬೇಕು, ಅದೂ ನನ್ನದೇ ಕಾನೂನು. ಇದನ್ನು ಒಂದಿಡೀ ವಾರ್ಡು ಕೇಳಿತ್ತು. ಕೇಬಲ್ ಇನ್ನೂ ಚುಚ್ಚಿಯೇ ಇತ್ತು, ಎರಡು ಬಾಗಿಲೂ ತೆರೆದಿದ್ದವು. ನಾನು ಕೀಬೋರ್ಡ್ ಮುಟ್ಟಲಿಲ್ಲ. ಫೋನಿನಲ್ಲಿ ಅಕ್ಕ ಇನ್ನೂ ಕರೆಯುತ್ತಲೇ ಇದ್ದರು, ಅವರ ಗಂಡ ಓಗೊಡುತ್ತಿದ್ದರು.