ಊಸರವಳ್ಳಿಯ ಹೊಟ್ಟೆಯೂ ಜಗದೇವಪ್ಪನ ಫರಸಿಯೂ

ಸೇಡಂ ತಾಲೂಕಿನಲ್ಲಿ ಮಣ್ಣಿಗೆ ಇದ್ದ ವೈರಿ ಒಬ್ಬನೇ. ಅವನ ಹೆಸರು ಜಗದೇವಪ್ಪ. ಮೂವತ್ತು ವರ್ಷ ಶಹಾಬಾದಿನ ಫರಸಿಕಲ್ಲು ಹಾಸಿದ ಮೇಸ್ತ್ರಿ. ಬರಿ ನೆಲ ಕಂಡರೆ ಅವನ ಅಂಗೈ ತುರಿಸುತ್ತಿತ್ತು. ಅವನು ಓಣಿಗೆ ಕಾಲಿಟ್ಟರೆ ಎರೆಹುಳುಗಳು ಗಂಟುಮೂಟೆ ಕಟ್ಟುತ್ತಿದ್ದವಂತೆ. ಮುಧೋಳದ ಬೀಗರು ಅವನಿಗೆ ಚಹಾ ಕೊಡುವುದಿದ್ದರೂ ಹೊಲದಿಂದ ದೂರ, ರಸ್ತೆಯ ಮೇಲೆಯೇ ಕೊಡುತ್ತಿದ್ದರಂತೆ.

ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಕೆಳಗೆ ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತಿದ್ದ. ಅವನ ಸ್ವಂತ ಅಂಗಳವಂತೂ ಗೋಡೆಯಿಂದ ಗೋಡೆಗೆ ಕಲ್ಲು, ಸಂದಿಯಲ್ಲಿ ಸೂಜಿ ಹೋಗದು. ‘ನನ್ನ ಅಂಗಳದಾಗ ಒಂದೂ ಪೊಳ್ಳಿಲ್ಲ’ ಎಂಬುದು ಬರಿ ಮಾತಲ್ಲ, ಶಾಸನ. ನಡುವಿನ ದಾಳಿಂಬೆ ಗಿಡವೊಂದಕ್ಕೆ ಮಾತ್ರ ಮಾಫಿ ಸಿಕ್ಕಿತ್ತು. ಅದರ ಬುಡಕ್ಕೂ ಕಲ್ಲು ಕೊರೆದು ಬಳೆಯಂತೆ ತೊಡಿಸಿದ್ದ. ಹೆಂಡತಿ ಸಾಬಮ್ಮ ಕೊತ್ತಂಬರಿ ಹಾಕಲು ಇಪ್ಪತ್ತು ವರ್ಷದಿಂದ ಅಂಗೈಯಗಲ ಮಣ್ಣು ಕೇಳುತ್ತಿದ್ದಳು. ಕೊಟ್ಟಿದ್ದು ಒಂದು ಒಡಕು ಬಕೆಟ್ಟು.

ಹೋದ ವರ್ಷ ಆ ದಾಳಿಂಬೆ ಗಿಡಕ್ಕೆ ಊಸರವಳ್ಳಿಯೊಂದು ತಾನಾಗಿಯೇ ಬಂದು ನೆಲೆಸಿತು. ಒಂದು ಕಣ್ಣು ಫೈಲಿನ ಮೇಲೆ, ಇನ್ನೊಂದು ಬಂದವರ ಕೈಚೀಲದ ಮೇಲೆ ಇಡುವ ಅಧಿಕಾರಿಯ ಗತ್ತು ಅದಕ್ಕೆ. ಸಾಬಮ್ಮ ‘ಸಾಹೇಬ’ ಎಂದು ಹೆಸರಿಟ್ಟಳು. ಪಂಜರವಿಲ್ಲ, ದಾರವಿಲ್ಲ. ಬೆಳಿಗ್ಗೆ ಅವಳು ಮಿಡತೆ ಹಿಡಿದರೆ ಸಾಹೇಬ ಕೂತಲ್ಲಿಂದಲೇ ಗೇಣುದ್ದ ನಾಲಿಗೆ ಚಾಚಿ ಸ್ವೀಕರಿಸುತ್ತಿದ್ದ. ಮಗಳು ಲುಂಬಿನಿ ಕಾಲೇಜಿಗೆ ಹೋದ ಮೇಲೆ ಸಾಬಮ್ಮನ ಮಾತು ಕೇಳಲು ಇದ್ದವನು ಅವನೊಬ್ಬನೇ.

ಈ ಸಲ ಮಳೆಗಾಲ ಮುಗಿಯುತ್ತಲೇ ಸಾಹೇಬ ಊಟ ಬಿಟ್ಟ. ಮೈ ಬೂದಿ ಬಣ್ಣಕ್ಕೆ ತಿರುಗಿತು, ಹೊಟ್ಟೆ ಉಬ್ಬಿತು.

“ಏನ್ರೀ, ಮೂರು ದಿನಾತು, ಸಾಹೇಬ ಏನೂ ತಿನ್ನವಲ್ಲ. ಗಿಡ ಇಳದು ಬಂದು ಬರೇ ಫರಸಿ ಕೆರಿಯಾಕತ್ತಾನ.”

“ನನ್ನ ಕೆಲಸ ಪರೀಕ್ಷಾ ಮಾಡಾಕತ್ತಾನ,” ಎಂದ ಜಗದೇವಪ್ಪ. ಸಾಬಮ್ಮ ನಗಲಿಲ್ಲ. ಅಂದು ರೊಟ್ಟಿಯನ್ನೂ ಬಡಿಯಲಿಲ್ಲ. ಆಗ ಮೇಸ್ತ್ರಿಗೆ ರೋಗದ ಗಾಂಭೀರ್ಯ ಅರ್ಥವಾಯಿತು.

ವಾಡಿಯಲ್ಲಿ ಬಣ್ಣದ ಮೀನು ಮಾರುವವನೊಬ್ಬ ‘ಸಕಲ ಪ್ರಾಣಿ ತಜ್ಞ’ ಎಂದು ಬೋರ್ಡು ಹಾಕಿದ್ದಾನೆಂದು ಲುಂಬಿನಿ ಹೇಳಿದಳು. ಬುಟ್ಟಿಯಲ್ಲಿ ದಾಳಿಂಬೆ ಟೊಂಗೆ, ಟೊಂಗೆಯ ಮೇಲೆ ಸಾಹೇಬ, ಮೇಲೆ ಸಾಬಮ್ಮನ ಹಳೆ ಸೀರೆಯ ಮರೆ. ದಂಡು ರೈಲು ಹತ್ತಿತು. ಚಿತ್ತಾಪುರ ದಾಟುವ ತನಕ ಸಾಬಮ್ಮ ಎಂಟು ಸಲ ಸೀರೆ ಎತ್ತಿ ನೋಡಿದಳು.

ತಜ್ಞ ಬುಟ್ಟಿಯತ್ತ ಬಗ್ಗಲೂ ಇಲ್ಲ. “ಗ್ಯಾಸ್ ಆಗ್ಯಾದ. ಈ ಹನಿ ಹಾಕ್ರಿ.”

ಜಗದೇವಪ್ಪ ಅವನ ಹಣದ ಗಲ್ಲೆಯ ಮೇಲೆ ಗೆಣ್ಣು ತಟ್ಟಿದ. “ಹಾವಿಗಿ ಗ್ಯಾಸ್ ಆದ್ರ?”

“ಇದೇ ಹನಿ.”

“ಎಮ್ಮಿಗಿ?”

“ಇದನ್ನೇ ಡಬಲ್ ಹಾಕ್ರಿ.”

“ನಡಿ ಸಾಬಮ್ಮ,” ಎಂದ ಮೇಸ್ತ್ರಿ, “ಪೊಳ್ಳ ಅದ.”

ಮರುದಿನ ಸೇಡಂನ ದನದ ದವಾಖಾನೆ. ಅಲ್ಲಿಯ ಡಾಕ್ಟರು ಬುಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಾಕಾ, ಖರೇ ಹೇಳ್ತೀನಿ. ಎಮ್ಮಿ, ಆಡು, ನಾಯಿ ತನಕ ನನ್ನ ಕೈ. ಇದರದು ನನಗ ಗೊತ್ತಿಲ್ಲ. ಚಿಂಚೋಳಿಯಾಗ ನಗ್ಮಾ ಡಾಕ್ಟ್ರು ಅದಾರ, ಕಾಡಿನ ಜೀವದ ಬಗ್ಗೆನೇ ಓದಿ ಬಂದಾರ. ಇವತ್ತೇ ಹೋಗ್ರಿ.”

“ಗಟ್ಟಿ ಮನಷ್ಯಾ,” ಎಂದ ಜಗದೇವಪ್ಪ ಹೊರಗೆ ಬಂದು. “ಸದ್ದು ಕೇಳಿದಿ? ಗೊತ್ತಿಲ್ಲ ಅಂತ ಬಂತು.”

ಚಿಂಚೋಳಿ ಬಸ್ಸಿನಲ್ಲಿ ಸಾಹೇಬ ಕಣ್ಣು ಮುಚ್ಚಿದ. ಉಳಿದ ದಾರಿಯುದ್ದಕ್ಕೂ ಸಾಬಮ್ಮ ಬುಟ್ಟಿಯೊಳಗೆ ಬಗ್ಗಿ, ಮನೆಯ ಸುದ್ದಿಯನ್ನೆಲ್ಲ ಒಂದೂ ಬಿಡದೆ ಹೇಳುತ್ತ ಬಂದಳು.

ನಗ್ಮಾ ಡಾಕ್ಟರಿಗೆ ಮೂವತ್ತೂ ಇರಲಿಕ್ಕಿಲ್ಲ. ಜಗದೇವಪ್ಪ ಮೊದಲು ಗೋಡೆಯ ಮೇಲಿದ್ದ ಪದವಿಪತ್ರವನ್ನು ಅಕ್ಷರ ಕೂಡಿಸಿ ಓದಿದ, ಚೌಕಟ್ಟಿಗೆ ಒಮ್ಮೆ ತಟ್ಟಿದ, ಆಮೇಲೆ ಕುಂತ.

“ಅಕ್ಕಾರೆ, ಇದನ್ನ ಸಾಕೂದು ಕಾನೂನಿಗೆ ತಪ್ಪು, ಗೊತ್ತದಿಲ್ಲೊ?” ಡಾಕ್ಟರು ಸಾಬಮ್ಮನನ್ನು ಕೇಳಿದರು.

“ನಾವೆಲ್ಲಿ ಸಾಕೀವ್ರಿ ಬಾಯಾರೆ? ತಾನೇ ಬಂದಾನ. ಬ್ಯಾಸರಾದ್ರ ತಾನೇ ಹೋಗ್ತಾನ. ಉಳಿಸಿಕೊಡ್ರಿ, ಅಷ್ಟೇ.”

ಡಾಕ್ಟರು ಎರಡು ಬೆರಳಿನಿಂದ ಹೊಟ್ಟೆಯನ್ನು ಹಗುರಾಗಿ ಸವರಿದರು. ಆಮೇಲೆ ಯಾರೂ ನಿರೀಕ್ಷಿಸದ ಪ್ರಶ್ನೆ ಕೇಳಿದರು: “ನಿಮ್ಮ ಅಂಗಳ ಹೆಂಗದ?”

ಜಗದೇವಪ್ಪನ ಎದೆ ಒಂದು ಗೇಣು ಮುಂದೆ ಬಂತು. ಗೋಡೆಯಿಂದ ಗೋಡೆಗೆ ಕಲ್ಲು, ಸೂಜಿ ಹೋಗದ ಸಂದಿ, ಬಳೆ ತೊಟ್ಟ ದಾಳಿಂಬೆ, ಎಲ್ಲವನ್ನೂ ಬಣ್ಣಿಸಿದ. ಡಾಕ್ಟರು ಪೂರಾ ಕೇಳಿಸಿಕೊಂಡು ನಕ್ಕರು.

“ಅದೇ ರೋಗ ನೋಡ್ರಿ ಕಾಕಾ. ನಿಮ್ಮ ಸಾಹೇಬ ಹೆಣ್ಣದಾಳ. ಹೊಟ್ಟಿ ತುಂಬ ತತ್ತಿ. ಮಣ್ಣು ತೋಡಿ ಇಡಬೇಕು, ತೋಡಲಿಕ್ಕ ಜಾಗ ಎಲ್ಲದ? ತತ್ತಿ ಒಳಗೇ ಉಳದ್ರ ಜೀವ ಹೋಗ್ತದ. ಇದ್ದ ಗಿಡಕ್ಕೇ ಒಯ್ದು ಬಿಡ್ರಿ, ಇವತ್ತೇ ಗೇಣುದ್ದ ಹಸಿ ಮಣ್ಣು ಸಿಗಲಿ. ಬ್ಯಾರೆ ಔಷಧ ಬ್ಯಾಡ. ಆದ್ರೂ ತತ್ತಿ ಇಡಲಿಲ್ಲಂದ್ರ ನಾಳೆ ಮುಂಜಾನೆ ಕರಕೊಂಡು ಬರ್ರಿ.”

ಮರಳಿ ಬರುವಾಗ ಬಸ್ಸಿನಲ್ಲಿ ಸಾಬಮ್ಮ ಏನೂ ಕೇಳಲಿಲ್ಲ. ಮಣ್ಣು ಕೇಳಿ ಕೇಳಿ ಇಪ್ಪತ್ತು ವರ್ಷ ಇಲ್ಲವೆನ್ನಿಸಿಕೊಂಡವಳು. ಇಂದು ಕೇಳಿ ಇಲ್ಲವೆನ್ನಿಸಿಕೊಂಡರೆ ಆ ಮಾತು ಒಂದು ಜೀವ ತೆಗೆಯುತ್ತಿತ್ತು.

ಮನೆ ಸೇರಿದವನೇ ಮೇಸ್ತ್ರಿ ಚಪ್ಪಲಿಯನ್ನೂ ಬಿಡದೆ ಹಾರೆ ಹಿಡಿದ. ಗಿಡದ ಪಕ್ಕದ ಕಲ್ಲಿಗೆ ಹಾರೆಯ ತುದಿ ಕೊಟ್ಟ. ಕುರುಕ್ಷೇತ್ರದಲ್ಲಿ ರಥದ ಗಾಲಿ ಎತ್ತಲು ಇಳಿದವನಿಗೂ ಅಷ್ಟು ಜನ ನೆರೆದಿರಲಿಕ್ಕಿಲ್ಲ. ಓಣಿಗೆ ಓಣಿಯೇ ಕಾಂಪೌಂಡಿನ ಮೇಲಿತ್ತು. ಕಲ್ಲು ಎದ್ದಿತು. ಕೆಳಗೆ ಕರಿಮಣ್ಣು, ಇಪ್ಪತ್ತು ವರ್ಷ ಬಿಸಿಲು ಕಾಣದ್ದು, ತಣ್ಣಗೆ ಮಲಗಿತ್ತು. ಸಾಬಮ್ಮ ಒಂದು ಕೊಡ ನೀರು ಚಿಮುಕಿಸಿ, ಬುಟ್ಟಿಯ ಜೀವವನ್ನು ಗಿಡಕ್ಕೆ ಬಿಟ್ಟು, ಎಲ್ಲರನ್ನೂ ಗದರಿ ಓಡಿಸಿದಳು.

ಸಾಹೇಬ, ಅಲ್ಲ, ಬಾಯಿಸಾಹೇಬ, ಒಂದೊಂದೇ ಹೆಜ್ಜೆ ತೂಗುತ್ತ ಇಳಿದಳು. ಕೆರೆದಳು. ಮಣ್ಣು ಮೇಲೆ ಬಂತು. ಸಂಜೆ ಬಿಸಿಲು ಗೋಡೆ ಹತ್ತುವ ತನಕ ತೋಡಿ, ತತ್ತಿ ಇಟ್ಟು, ಮುಚ್ಚಿ, ಬಡಕಲು ಹೊಟ್ಟೆ ಹೊತ್ತು ಗಿಡ ಏರಿದಳು. ಬೆಳಿಗ್ಗೆ ಎಲೆಹಸಿರು ಬಣ್ಣ ಉಟ್ಟು ಮೂರು ಮಿಡತೆ ನುಂಗಿದಳು. ಸಾಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒಬ್ಬಳೇ ನಕ್ಕಳು, ತತ್ತಿಗೆ ತಾಕದಂತೆ ಒಂದು ಅಂಚಿನಲ್ಲಿ ನಾಲ್ಕು ಕೊತ್ತಂಬರಿ ಕಾಳು ಉದುರಿಸಿದಳು. ಆಮೇಲೆ ಗಂಡನಿಗೆ ಬಿಸಿ ರೊಟ್ಟಿ ಬಡಿದಳು.

ಪಕ್ಕದ ಮನೆಯ ರೇವಣಸಿದ್ದ ಕಾಂಪೌಂಡಿನ ಮೇಲೆ ಮೊಳಕೈ ಊರಿದ.

“ಒಂದು ಹುಳದ ಸಲುವಾಗಿ ಇಪ್ಪತ್ತು ವರ್ಷದ ಪಣ ಮುರದಿ ಮೇಸ್ತ್ರಿ! ಆ ಕಲ್ಲು ಕೀಳುವಾಗ ಎದಿಯಾಗಿಂದ ಕಿತ್ತಂಗ ಆಗಿರಬೇಕು, ಹೌದಿಲ್ಲೊ?”

ಜಗದೇವಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ.

“ಏನಿಲ್ಲ ಬಿಡೋ. ಅದೊಂದು ಹಾಕಿದಾಗಿಂದ ಪೊಳ್ಳೇ ಇತ್ತು.”