ಅಂದ್ರೇನು ಮೇಷ್ಟ್ರು

ನಮ್ಮ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಅವರು ಅಂದ್ರೇನು ಮೇಷ್ಟ್ರು. ಎಲ್ಲ ವಿಭಾಗಗಳ ಕಂಪ್ಯೂಟರಿನಲ್ಲೂ ಒಂದು ಪದಕ್ಕೆ ಒಂದೇ ಅರ್ಥ ಇರುವಂತೆ ನೋಡಿಕೊಳ್ಳುವುದು ಅವರ ಕೆಲಸ. ಅಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು. ರೋಗಿ ಎಂದರೆ ಕೌಂಟರಿನವರಿಗೆ ಚೀಟಿ ಮಾಡಿಸಿದವನು, ಔಷಧದಂಗಡಿಗೆ ಮಾತ್ರೆ ಕೊಂಡವನು, ಅಡುಗೆಮನೆಗೆ ಒಂದು ತಟ್ಟೆ ಊಟ. ಸಭೆಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ "ಅಂದ್ರೇನು?" ಎನ್ನುತ್ತಾರೆ. "ಬೇಗ ಮುಗಿಸೋಣ ಕಣ್ರೀ" ಎಂದ ದೊಡ್ಡ ಡಾಕ್ಟರನ್ನೂ ಬಿಟ್ಟವರಲ್ಲ: "ಬೇಗ ಅಂದ್ರೇನು ಸಾರ್? ನಿಮ್ಮ ಬೇಗಾನೋ, ಹೊರಗೆ ಕಾಯ್ತಾ ಕೂತಿರೋರ ಬೇಗಾನೋ?" ಕ್ಯಾಂಟೀನಿನವನು ಕಾಫಿ ಬಿಸಿಯಾಗಿದೆ ಎಂದರೆ, ಲೋಟವನ್ನು ಕೆನ್ನೆಗೆ ಒತ್ತಿ ನೋಡಿಯೇ ದುಡ್ಡು ಕೊಡುತ್ತಾರೆ. ಇದಕ್ಕೆಲ್ಲ ನಾವು ಬೆನ್ನ ಹಿಂದೆ ನಗುತ್ತೇವೆ, ಆದರೆ ಡಿಸ್ಚಾರ್ಜ್ ಎಂಬ ಪದ ಬಂದರೆ ಯಾರೂ ನಗುವುದಿಲ್ಲ. ವಾರ್ಡಿನವರಿಗೆ ಡಿಸ್ಚಾರ್ಜ್ ಎಂದರೆ ರೋಗಿ ವಾಸಿಯಾಗಿ ಮನೆಗೆ ಹೋಗುವುದು. ಬೆಡ್ ವಿಭಾಗದವರಿಗೆ ಬೆಡ್ ಖಾಲಿಯಾಗುವುದು, ನಡೆದು ಹೋದರೂ ಸರಿ, ಹೆಣವಾಗಿ ಹೋದರೂ ಸರಿ. ಈ ಒಂದು ಪದದ ಜಗಳವನ್ನು ಮೇಷ್ಟ್ರು ಇನ್ನೂ ಬಗೆಹರಿಸಿರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿಯೇ ಇಲ್ಲಿ ಬಂದು ಮಲಗಿದರು. ಒಂದು ಬೆಳಿಗ್ಗೆ ಬೆಡ್ ವಿಭಾಗದ ಹುಡುಗಿ ಕಂಪ್ಯೂಟರಿನ ಪರದೆಯಲ್ಲಿ ಅವರ ಬೆಡ್ ಖಾಲಿ ಎಂದಿರುವುದನ್ನು ನೋಡಿ, ಖುಷಿಯಿಂದ ಅವರ ಮನೆಗೆ ಫೋನ್ ಮಾಡಿದಳು: "ಸಾರ್, ಮೇಡಂ ಡಿಸ್ಚಾರ್ಜ್ ಆಗಿದಾರೆ, ಬನ್ನಿ." ಅದೊಂದು ಸಲ ಮೇಷ್ಟ್ರು ಅಂದ್ರೇನು ಎಂದು ಕೇಳಲಿಲ್ಲ. ಹೆಂಡತಿಯ ಚಪ್ಪಲಿಯನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡು ಬಂದರು. ಆಟೋದವನಿಗೆ "ಇಲ್ಲೇ ಇರಪ್ಪ, ಇಬ್ಬರೂ ಬರ್ತೀವಿ" ಎಂದು ಹೇಳಿ ಮೆಟ್ಟಿಲು ಹತ್ತಿದರು.